ಲಾಬ್‌ಸ್ಟರ್ ಬೋನು ಕೊಳ್ಳಬೇಕಂತ ಇದ್ದೇನೆ, ಅನುಭವ ಇದ್ದವರು ಹೇಳಿ

ನಮ್ಮದು ಬೀಳಗಿ ತಾಲೂಕು. ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ಎರಡು ಎಕರೆ ಹೊಲ ಉಳಿದಿದೆ, ಮಿಕ್ಕಿದ್ದು ಮುಳುಗಿತು. ಮೊಬೈಲ್‌ನಲ್ಲಿ ಲಾಬ್‌ಸ್ಟರ್ ಹಿಡಿಯುವ ವಿಡಿಯೋ ನೋಡಿ ನೋಡಿ ತಲೆಯಲ್ಲಿ ಅದೇ ಕೂತಿದೆ. ಸಂಜೆ ಬೋನು ಇಳಿಸುವುದು, ಬೆಳಿಗ್ಗೆ ಎತ್ತುವುದು. ಇಲ್ಲಿ ಆಗುತ್ತದಾ? ಹೊಟ್ಟೆಪಾಡಿಗೆ ಆಗದಿದ್ದರೆ ಭಾನುವಾರದ ಹವ್ಯಾಸಕ್ಕಾದರೂ? ದುಡ್ಡು ಹಾಕುವ ಮುಂಚೆ ಕೇಳುತ್ತಿದ್ದೇನೆ.

ಬೆಳಗಾವಿಯಿಂದ:
ತಮ್ಮಾ, ಬೋನು ಕೊಳ್ಳಬೇಡ. ಲಾಬ್‌ಸ್ಟರ್ ಸಮುದ್ರದ ಜೀವಿ, ಕೃಷ್ಣೆಯ ಸಿಹಿನೀರಿನಲ್ಲಿ ಬದುಕುವುದಿಲ್ಲ. ನಾನು ಕಾರವಾರದಲ್ಲಿ ಮೂರು ವರ್ಷ ಬೋಟಿನ ಮೇಲೆ ದುಡಿದವನು. ನೀನು ನೋಡಿದ ಇಕ್ಕಳದ ಕೈಯ ದಪ್ಪ ಲಾಬ್‌ಸ್ಟರ್ ಅಮೆರಿಕ, ಕೆನಡಾ ಕಡೆಯದು. ನಮ್ಮ ಕಡಲಿನದಕ್ಕೆ ಇಕ್ಕಳವೇ ಇಲ್ಲ. ಮೈತುಂಬ ಮುಳ್ಳು, ಮೈಗಿಂತ ಉದ್ದದ ಮೀಸೆ. ಹಗಲು ಬಂಡೆ ಸಂದಿಯಲ್ಲಿ ಅಡಗಿ ರಾತ್ರಿ ಹೊರಗೆ ಬರುತ್ತದೆ. ಬಲೆಯಿಂದ ಬಿಡಿಸುವಾಗ ಎಷ್ಟೋ ಸಲ ಅಂಗೈ ಹರಿದುಕೊಂಡಿದ್ದೇನೆ. ಅದೊಂದನ್ನೇ ನಂಬಿ ಮನೆ ನಡೆಸುವವರನ್ನು ನಾನು ಅಲ್ಲಿ ಕಾಣಲಿಲ್ಲ. ಮೀನಿನ ಜೊತೆ ಸಿಕ್ಕರೆ ಆ ದಿನ ಹಬ್ಬ, ಅಷ್ಟೇ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ರಜೆ ಬೇರೆ. ಚಿಕ್ಕವನ್ನು ಹಿಡಿದರೂ ಉಪಯೋಗವಿಲ್ಲ, ರಫ್ತಿಗೆ 2003ರಿಂದ ಕನಿಷ್ಠ ತೂಕದ ನಿಯಮ ಇದೆ. ಜಾತಿಯ ಮೇಲೆ 200, 300, 500 ಗ್ರಾಂ ಹೀಗೆ.

ಬಾಗಲಕೋಟೆಯಿಂದ:
ಲಾಬ್‌ಸ್ಟರ್ ಆಗಲ್ಲ, ಸಿಹಿನೀರಿನ ದೊಡ್ಡ ಸಿಗಡಿ ಆಗುತ್ತದೆ. ಸ್ಕ್ಯಾಂಪಿ ಅಂತಾರಲ್ವಾ, ಅದು. ಗಂಡಿಗೆ ನೀಲಿ ಬಣ್ಣದ ಉದ್ದ ಕೈ ಇರುತ್ತದೆ, ನೋಡಿದರೆ ನಿಮ್ಮ ಆಸೆ ಅರ್ಧ ತೀರುತ್ತದೆ. ನಾನು ನಮ್ಮ ಕರಿಮಣ್ಣಿನ ಹೊಲದಲ್ಲಿ ಅರ್ಧ ಎಕರೆ ಹೊಂಡ ತೆಗೆಸಿ ಸಾಕಿದೆ. ಎರೆ ಮಣ್ಣು ನೀರು ಇಂಗಗೊಡುವುದಿಲ್ಲ, ಅದು ನಮ್ಮ ಭಾಗ್ಯ.

ಮರಿ ನಮ್ಮಲ್ಲಿ ಹುಟ್ಟುವುದಿಲ್ಲ. ಇದರ ಮರಿ ಮೊದಲ ಕೆಲವು ವಾರ ಸವಳು ನೀರಿನಲ್ಲೇ ಬೆಳೆಯಬೇಕು. ಅದಕ್ಕೇ ಪ್ರತಿ ಸಲ ಮರಿ ಕೊಂಡು ತರಬೇಕು. ಆಕ್ಸಿಜನ್ ತುಂಬಿದ ಚೀಲದಲ್ಲಿ ಬರುತ್ತವೆ. ಚೀಲವನ್ನು ಹಾಗೇ ಹೊಂಡದ ನೀರಿನ ಮೇಲೆ ತೇಲಬಿಟ್ಟು, ಒಳಗಿನ ಹೊರಗಿನ ಬಿಸಿ ಸಮ ಆದ ಮೇಲೆ ಬಾಯಿ ಬಿಚ್ಚಬೇಕು. ಅವಸರ ಮಾಡಿದರೆ ಅಲ್ಲೇ ಸಾಯುತ್ತವೆ.

ನನಗೆ ಪೆಟ್ಟು ಬಿದ್ದದ್ದು ಮರಿ ಬಿಟ್ಟ ಐದನೇ ತಿಂಗಳಲ್ಲಿ. ಎರಡು ದಿನ ಮೋಡ. ನೀರು ಹಸಿರು ಗಟ್ಟಿಯಾಗಿತ್ತು. ಬೇಗ ದಪ್ಪ ಆಗಲಿ ಅಂತ ಮೇವು ಜಾಸ್ತಿ ಹಾಕಿದ್ದೆ. ಬೆಳಗಿನ ನಾಲ್ಕೂವರೆಗೆ ಬ್ಯಾಟರಿ ಹಿಡಿದು ಹೋದೆ. ದಂಡೆಗುಂಟ ಸಾಲಾಗಿ ಕೆಂಪು ಕಣ್ಣುಗಳು. ಸಿಗಡಿಗಳೆಲ್ಲ ಅಂಚಿಗೆ ಬಂದು ಮುಖ ಮೇಲೆತ್ತಿ ನಿಂತಿದ್ದವು, ಕೆಲವು ಕೆಸರಿನ ಮೇಲೇ ಹತ್ತಿದ್ದವು. ಚೆನ್ನಾಗಿ ಬೆಳೆದಿವೆ ಅಂತ ಖುಷಿಪಟ್ಟೆ ಆಗ. ಅವು ಉಸಿರಿಗಾಗಿ ಬಂದಿದ್ದವು. ಹಸಿರು ನೀರು ರಾತ್ರಿ ಆಕ್ಸಿಜನ್ ಎಳೆದುಕೊಳ್ಳುತ್ತದೆ, ಉಳಿದ ಮೇವು ಕೊಳೆತು ಇನ್ನಷ್ಟು ತಿನ್ನುತ್ತದೆ. ಹೊತ್ತು ಏರುವಷ್ಟರಲ್ಲಿ ಅರ್ಧಕ್ಕರ್ಧ ಹೋದವು. ಅಂಥದ್ದು ಕಂಡರೆ ಆ ಕ್ಷಣವೇ ಮೋಟರ್ ಹಚ್ಚಿ ಹೊಸ ನೀರು ಮೇಲಿಂದ ಬೀಳಿಸಿ, ಮೇವು ನಿಲ್ಲಿಸಿ.

ಇನ್ನೊಂದು. ಸಿಗಡಿ ಪೊರೆ ಕಳಚಿದಾಗ ಮೈ ಮೆತ್ತಗಿರುತ್ತದೆ, ಜೊತೆಯವೇ ತಿಂದುಬಿಡುತ್ತವೆ. ಹಳೆ ಟೈರು, ಪೈಪಿನ ತುಂಡು, ತೆಂಗಿನ ಗರಿ ತಳಕ್ಕೆ ಹಾಕಿ, ಅಡಗಿಕೊಳ್ಳಲಿ. ನೀಲಿ ಕೈಯವನ್ನು ಆಗಾಗ ಆರಿಸಿ ತೆಗೆದರೆ ಚಿಕ್ಕವು ಬೇಗ ಏಳುತ್ತವೆ. ಜೊತೆಗೆ ಕಾಟ್ಲಾ, ರೋಹು ಬಿಡಬಹುದು. ಸಾಮಾನ್ಯ ಗೆಂಡೆ ಬೇಡ, ತಳದ ಮೇವಿಗೆ ಅದೂ ಬರುತ್ತದೆ. ಮಳೆಗಾಲದ ಮೊದಲಿಗೆ ಬಿಟ್ಟು ಚಳಿ ಹೆಚ್ಚುವ ಮುಂಚೆ ಹಿಡಿಯಿರಿ, ತಣ್ಣೀರಿನಲ್ಲಿ ಸಿಗಡಿ ಮೇವು ಬಿಡುತ್ತದೆ.

ಕೊಲ್ಹಾರದಿಂದ:
ನಮ್ಮದು ತಲೆಮಾರಿನಿಂದ ಬಲೆಯ ಮನೆ. ಹಿನ್ನೀರಿನಲ್ಲಿ ಬಲೆ ಬಿಡಲು ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಬೇಕು, ಮೊದಲು ಅದನ್ನು ಕೇಳಿ. ನಮ್ಮ ತೆಪ್ಪದಲ್ಲಿ ನಾಲ್ಕು ದಿನ ಬನ್ನಿ ಅಣ್ಣಾ, ಸುಮ್ನೆ ನೋಡಿ. ಬಲೆಗೆ ಜಿಲೇಬಿ ಮೀನೇ ಜಾಸ್ತಿ. ಮೊಸಳೆ ಇವೆ, ಮಬ್ಬುಗತ್ತಲಲ್ಲಿ ಒಬ್ಬರೇ ನೀರಿಗೆ ಇಳಿಯಬೇಡಿ. ಮಹಾರಾಷ್ಟ್ರದಲ್ಲಿ ಮಳೆ ಜೋರಾದರೆ ಇಲ್ಲಿ ಮೋಡ ಇಲ್ಲದಿದ್ದರೂ ಹೊಳೆ ಏರುತ್ತದೆ.

ಜಮಖಂಡಿಯಿಂದ:
ಭಾನುವಾರಕ್ಕಾದರೆ ಏಡಿ ಹಿಡಿಯಿರಿ ತಮ್ಮಾ. ನಮ್ಮ ಅಪ್ಪ ಹಳ್ಳದ ದಂಡೆಯ ಬಿಲದ ಹತ್ತಿರ ಕೋಲಿಗೆ ಕಟ್ಟಿದ ಎರೆಹುಳು ಆಡಿಸುತ್ತಿದ್ದರು. ಏಡಿ ಕಚ್ಚಿದ ತಕ್ಷಣ ಎಳೆಯುತ್ತಿರಲಿಲ್ಲ, ಮೆಲ್ಲಗೆ ಹೊರಗೆ ಕರೆತರುತ್ತಿದ್ದರು. ಹಿಂದಿನಿಂದ ಬೆನ್ನು ಹಿಡಿದು ಮೊದಲು ಹೊಟ್ಟೆಯ ಮುಚ್ಚಳ ಬಿಚ್ಚಿ ನೋಡುತ್ತಿದ್ದರು. ಒಳಗೆ ಸಾಸಿವೆಯಷ್ಟು ಮರಿ ತುಂಬಿದ್ದರೆ ಅದೇ ಬಿಲದ ಬಾಯಿಗೆ ಬಿಡುತ್ತಿದ್ದರು. ಈಗ ನಾನೂ ಹಾಗೇ ಮಾಡುತ್ತೇನೆ. ಸಾರು ಮಾಡುವಾಗ ಚೆನ್ನಾಗಿ ಕುದಿಸಿ. ಅರೆಬೆಂದ ಏಡಿಯಿಂದ ಪುಪ್ಪುಸಕ್ಕೆ ಹುಳ ಸೇರುತ್ತದೆ.

ಕೇಳಿದವರಿಂದ:
ಎಲ್ಲರಿಗೂ ಶರಣು. ಬೋನು ಬಿಟ್ಟೆ. ಸೋಮವಾರ ಇಲಾಖೆಗೆ ಹೋಗುತ್ತೇನೆ, ಆಮೇಲೆ ಕೊಲ್ಹಾರದ ತೆಪ್ಪ. ಬಾಗಲಕೋಟೆಯ ಅಣ್ಣಾ, ನಿಮ್ಮ ಹೊಂಡ ಎಷ್ಟು ಆಳ?

ಬಾಗಲಕೋಟೆಯಿಂದ:
ನೀರು ನಾಲ್ಕು ಅಡಿ. ಮೂರಕ್ಕಿಂತ ಕಡಿಮೆ ಬೇಡ, ಬಿಸಿಲಿಗೆ ತಳದ ತನಕ ಕಾಯುತ್ತದೆ. ಬನ್ನಿ, ಬೆಳಗಿನ ನಾಲ್ಕಕ್ಕೇ ಬನ್ನಿ, ದಂಡೆ ತೋರಿಸುತ್ತೇನೆ.