ಕಲಬುರಗಿಯ ಬೇಸಿಗೆಯಲ್ಲಿ ಅಕ್ರಿಲಿಕ್: ಬಣ್ಣ ಪ್ಯಾಲೆಟ್ ಮೇಲೆಯೇ ಒಣಗುತ್ತಿದೆ, ಏನು ಮಾಡಲಿ?

ತೊಗರಿ_ಕಣಜ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಬ್ಯಾಂಕಿನ ನೌಕರಿಯಿಂದ ನಿವೃತ್ತನಾದ ಮೇಲೆ ಚಿತ್ರ ಬಿಡಿಸುವ ಹಳೆಯ ಹವ್ಯಾಸಕ್ಕೆ ಮರಳಿದ್ದೇನೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋವರ್ ಗ್ರೇಡ್ ಪರೀಕ್ಷೆ ಪಾಸು ಮಾಡಿದ್ದು, ಆಗ ಕಲಿತ ಒಂದಿಷ್ಟು ಜಲವರ್ಣ, ಇಷ್ಟೇ ನನ್ನ ಬಂಡವಾಳ. ಕಳೆದ ತಿಂಗಳು ಮಗಳು ಹನ್ನೆರಡು ಬಣ್ಣಗಳ ಅಕ್ರಿಲಿಕ್ ಪೆಟ್ಟಿಗೆ, ಹತ್ತು ಕುಂಚಗಳ ಒಂದು ಕಟ್ಟು ಮತ್ತು 12×16 ಇಂಚಿನ ಎರಡು ಕ್ಯಾನ್ವಾಸ್ ತಂದುಕೊಟ್ಟಳು. ಹೂ ಬಿಟ್ಟ ತೊಗರಿ ಹೊಲ, ಅದರ ಮೇಲೆ ಸಂಜೆಯ ಆಕಾಶ ಬರೆಯೋಣವೆಂದು ಕುಳಿತೆ. ಫಜೀತಿ ಅಲ್ಲಿಂದಲೇ ಶುರುವಾಯಿತು.

ಈಗ ಇಲ್ಲಿ ಮಧ್ಯಾಹ್ನದ ಬಿಸಿಲು 41 ಡಿಗ್ರಿ ದಾಟುತ್ತಿದೆ. ಎರಡನೆಯ ಬಣ್ಣವನ್ನು ಕಲಸಿ ಮುಗಿಸುವಷ್ಟರಲ್ಲಿ ಮೊದಲು ಹಿಂಡಿಟ್ಟ ಬಣ್ಣ ಕೆನೆಗಟ್ಟಿರುತ್ತದೆ. ಆಕಾಶದ ಕಿತ್ತಳೆ ನಿಧಾನವಾಗಿ ನೀಲಿಗೆ ತಿರುಗಬೇಕಿತ್ತು. ಅದರ ಬದಲು ಧೋತರದ ಅಂಚಿನಂತೆ ನಡುವೆ ಒಂದು ಗೆರೆ ನಿಂತುಬಿಟ್ಟಿದೆ. ಅದನ್ನು ಮರೆಸಲು ಮರುದಿನ ಅದೇ ಬಣ್ಣವನ್ನು ಕಲಸಿ ಹಚ್ಚಿದೆ. ಹಸಿಯಾಗಿದ್ದಾಗ ಚೆನ್ನಾಗಿಯೇ ಹೊಂದಿದ್ದದ್ದು ಒಣಗಿದ ಮೇಲೆ ಕಪ್ಪೇರಿ, ತೇಪೆ ಹಾಕಿದಂತೆ ಕಾಣುತ್ತಿದೆ. ಹಸಿರಿನ ಮೇಲಿಟ್ಟ ಹಳದಿ ಹೂಗಳು ಹಸಿರಾಗಿಯೇ ಉಳಿದಿವೆ. ನೀರು ಹೆಚ್ಚು ಬೆರೆಸಿ ನೋಡಿದರೆ ಕೆಳಗಿನ ಪದರವೇ ಕುಂಚಕ್ಕೆ ಹತ್ತಿ ಎದ್ದು ಬಂತು. ಚಹಾ ಕುಡಿದು ಬರುವಷ್ಟರಲ್ಲಿ ಒಂದು ಚಪ್ಪಟೆ ಕುಂಚ ಕಟ್ಟಿಗೆಯಾಗಿ ಕುಳಿತಿತ್ತು.

ಅಂಗಡಿಯವರು ರಿಟಾರ್ಡರ್, ಗ್ಲೇಜಿಂಗ್ ಮೀಡಿಯಮ್, ಜೆಸ್ಸೊ, ಪ್ಯಾಲೆಟ್ ನೈಫ್, ವಾರ್ನಿಷ್ ಎಂದು ಉದ್ದನೆಯ ಪಟ್ಟಿ ಹೇಳುತ್ತಾರೆ. ಕಲಿಯುವವನಿಗೆ ಇವುಗಳಲ್ಲಿ ನಿಜವಾಗಿ ಬೇಕಾದದ್ದು ಯಾವುದು? ತಪ್ಪು ಬಣ್ಣದ್ದೋ, ನನ್ನ ಕೈಯದೋ, ನಮ್ಮೂರ ಬಿಸಿಲಿನದೋ, ತಿಳಿದವರು ದಯವಿಟ್ಟು ಹೇಳಬೇಕು.

ಡ್ರಾಯಿಂಗ್_ಮಾಸ್ತರ, ಧಾರವಾಡ

ಸರ್, ಎಲ್ಲಕ್ಕಿಂತ ಮೊದಲು ತಲೆಯ ಮೇಲಿನ ಫ್ಯಾನ್ ಆರಿಸಿರಿ. ಹಾಸ್ಯಕ್ಕೆ ಹೇಳುತ್ತಿಲ್ಲ, ನಿಮ್ಮ ಅರ್ಧ ತೊಂದರೆ ಅಲ್ಲಿಂದಲೇ ಬರುತ್ತಿರಬೇಕು.

ನೀರಿನಲ್ಲಿ ತೇಲುವ ಪ್ಲಾಸ್ಟಿಕ್ಕಿನ ಅತಿಸೂಕ್ಷ್ಮ ಕಣಗಳೊಡನೆ ವರ್ಣದ್ರವ್ಯದ ಪುಡಿಯನ್ನು ಬೆರೆಸಿದರೆ ಅಕ್ರಿಲಿಕ್ ಬಣ್ಣವಾಗುತ್ತದೆ. ನೀರು ಆರುತ್ತ ಹೋದಂತೆ ಆ ಕಣಗಳು ಒಂದಕ್ಕೊಂದು ಒತ್ತಿಕೊಂಡು, ಕೊನೆಗೆ ಬೆಸೆದು ಒಂದೇ ಪೊರೆಯಾಗುತ್ತವೆ, ಮತ್ತು ಹಾಗೆ ಪೊರೆಯಾದ ಬಣ್ಣವನ್ನು ಜಲವರ್ಣದಂತೆ ನೀರು ತಾಗಿಸಿ ಮತ್ತೆ ಕರಗಿಸಲು ಆಗುವುದಿಲ್ಲ. ಹೀಗಾಗಿ ನಿಮ್ಮ ಜಲವರ್ಣದ ರೂಢಿ ಇಲ್ಲಿ ಅರ್ಧ ಉಪಕಾರ, ಅರ್ಧ ಅಡ್ಡಿ. ಬಿಸಿ, ಒಣ ಹವೆ, ಗಾಳಿ ಈ ಮೂರೂ ನೀರನ್ನು ಬೇಗ ಆರಿಸುತ್ತವೆ. ಗಾಳಿಯನ್ನು ನಿಲ್ಲಿಸುವುದು ನಿಮ್ಮ ಕೈಯಲ್ಲಿದೆ. ಬೆಳಿಗ್ಗೆ ಆರರಿಂದ ಎಂಟರ ಒಳಗೆ ಕುಳಿತರೆ ಬಿಸಿಯೂ ಒಂದಿಷ್ಟು ಹತೋಟಿಗೆ ಬರುತ್ತದೆ.

ಬಣ್ಣ ಕಪ್ಪೇರುವುದಕ್ಕೂ ಇದೇ ಕಾರಣ. ಆ ಪ್ಲಾಸ್ಟಿಕ್ ಕಣಗಳ ಅಂಟು ಹಸಿಯಾಗಿದ್ದಾಗ ಹಾಲಿನಂತೆ ಬೆಳ್ಳಗಿದ್ದು, ಒಣಗಿದಾಗ ಗಾಜಿನಂತೆ ತಿಳಿಯಾಗುತ್ತದೆ. ಬಿಳುಪು ಹೋದ ಮೇಲೆ ಉಳಿದ ಬಣ್ಣ ಒಂದು ಛಾಯೆ ಗಾಢವಾಗಿ ಕಾಣುವುದು ಸಹಜ. ಮರುದಿನ ಬಣ್ಣ ಹೊಂದಿಸಬೇಕಾದರೆ ಕಲಸಿದ್ದನ್ನು ಮೊದಲು ಒಂದು ಚೂರು ಕಾಗದಕ್ಕೆ ಹಚ್ಚಿ, ಒಣಗಿಸಿ, ಚಿತ್ರದ ಪಕ್ಕ ಹಿಡಿದು ನೋಡಿರಿ. ನಿಮ್ಮೂರಿನಲ್ಲಿ ಒಣಗಲೆಂದು ಕಾಯುವ ತೊಂದರೆಯಂತೂ ಇಲ್ಲ!

ಪ್ಯಾಲೆಟ್ಟಿಗೆ ದುಡ್ಡು ಖರ್ಚು ಮಾಡಬೇಡಿರಿ. ಬಿಗಿ ಮುಚ್ಚಳದ ಚಪ್ಪಟೆ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ತೆಳ್ಳನೆಯ ಸ್ಪಂಜನ್ನೋ ನಾಲ್ಕು ಮಡಿಕೆಯ ಹತ್ತಿ ಬಟ್ಟೆಯನ್ನೋ ಹಾಸಿ, ಚೆನ್ನಾಗಿ ತೋಯಿಸಿ, ನಿಂತ ನೀರನ್ನು ಬಸಿದು, ಅದರ ಮೇಲೆ ಕೇಕ್ ಮಾಡುವವರು ಬಳಸುವ ಬೇಕಿಂಗ್ ಪೇಪರ್ ಹಾಸಿ ಅಂಗೈಯಿಂದ ಸವರಿರಿ. ಬಣ್ಣವನ್ನು ಆ ಕಾಗದದ ಮೇಲೆ ಹಿಂಡಬೇಕು. ಕೆಳಗಿನ ತೇವ ಕಾಗದದ ಮೂಲಕ ಸ್ವಲ್ಪ ಸ್ವಲ್ಪವೇ ಮೇಲೇರಿ ಬಣ್ಣವನ್ನು ಗಂಟೆಗಟ್ಟಲೆ ಹಸಿಯಾಗಿಡುತ್ತದೆ. ಮುಚ್ಚಳ ಹಾಕಿಟ್ಟರೆ ಮರುದಿನಕ್ಕೂ ಬರುತ್ತದೆ. ಮೇಣ ಹಚ್ಚಿದ ಕಾಗದ ಬೇಡ, ಅದು ತೇವವನ್ನು ಮೇಲಕ್ಕೆ ಬಿಡುವುದಿಲ್ಲ. ಇಸ್ತ್ರಿ ಮಾಡುವವರ ಬಳಿ ಇರುವಂಥ ನೀರು ಚಿಮುಕಿಸುವ ಬಾಟಲಿ ಒಂದು ಪಕ್ಕದಲ್ಲಿರಲಿ.

ಇನ್ನು ಆಕಾಶ. ನಿಮ್ಮಲ್ಲಿ ಗೆರೆ ಬಿದ್ದದ್ದು ಬಣ್ಣವನ್ನು ಚಿತ್ರದ ಮಧ್ಯೆ ಎದ್ದು ಕಲಸಿದ್ದರಿಂದ. ಕ್ಯಾನ್ವಾಸಿಗೆ ಕುಂಚ ತಾಗಿಸುವ ಮೊದಲೇ ನೀಲಿ, ತಿಳಿ ಬೂದು, ಗುಲಾಬಿ, ಕಿತ್ತಳೆ ಹೀಗೆ ನಾಲ್ಕೈದು ಮೆಟ್ಟಿಲುಗಳನ್ನು ಬೇಕೆನಿಸುವುದಕ್ಕಿಂತ ದುಪ್ಪಟ್ಟು ಕಲಸಿಟ್ಟುಕೊಳ್ಳಿರಿ. ನೀಲಿ ಮತ್ತು ಕಿತ್ತಳೆ ನೇರವಾಗಿ ಕೂಡಿದರೆ ಕೆಸರು ಬಣ್ಣ ಬರುತ್ತದೆ. ಅದಕ್ಕಾಗಿಯೇ ನಡುವೆ ಬಿಳಿ ಬೆರೆತ ಗುಲಾಬಿ ಬೇಕು. ಕ್ಯಾನ್ವಾಸಿನ ಮೇಲೆ ಸಣ್ಣಗೆ ನೀರು ಚಿಮುಕಿಸಿ, ಎರಡು ಇಂಚಿನ ಚಪ್ಪಟೆ ಕುಂಚದಿಂದ ಮೇಲಿನಿಂದ ಕೆಳಕ್ಕೆ ಪಟ್ಟಿ ಪಟ್ಟಿಯಾಗಿ ಹಚ್ಚುತ್ತ ಬಂದು, ಎರಡು ಪಟ್ಟಿಗಳು ಕೂಡುವಲ್ಲಿ ಒರೆಸಿದ, ತುಸು ಒದ್ದೆಯಾದ ಬೇರೆ ಕುಂಚವನ್ನು ಅಡ್ಡಡ್ಡಲಾಗಿ ಹಗುರವಾಗಿ ಆಡಿಸಿರಿ. ಕುಂಚ ಜಗ್ಗತೊಡಗಿತು, ಬಣ್ಣ ಉಂಡೆಗಟ್ಟತೊಡಗಿತು ಎಂದರೆ ಪೊರೆ ಕಟ್ಟುತ್ತಿದೆ ಎಂದರ್ಥ. ತಕ್ಷಣ ಕೈ ತೆಗೆಯಬೇಕು. ಇದೊಂದನ್ನು ಎಷ್ಟು ಹೇಳಿದರೂ ಹುಡುಗರು ಕೇಳುವುದಿಲ್ಲ, ಉಜ್ಜಿ ಉಜ್ಜಿ ತೂತು ಮಾಡುತ್ತಾರೆ. ಪೂರ್ತಿ ಒಣಗಲು ಬಿಟ್ಟು ಮೇಲೆ ಇನ್ನೊಂದು ಪದರ ಹಚ್ಚಿದರೆ ಆಯಿತು.

ಹಳದಿಯ ಅನೇಕ ವರ್ಣದ್ರವ್ಯಗಳು ಪಾರಕವಾದವು, ಕೆಳಗಿರುವುದನ್ನು ಮುಚ್ಚುವುದಿಲ್ಲ. ಹೂ ಇರುವಲ್ಲೆಲ್ಲ ಮೊದಲು ಬಿಳಿಯ ಚುಕ್ಕೆ ಇಟ್ಟು, ಒಣಗಿದ ಮೇಲೆ ಅದರ ಮೇಲೆ ಹಳದಿ ಇಡಿರಿ. ಬಿಳಿಯನ್ನು ಅಲ್ಲಲ್ಲಿ ಕಾಣುವಂತೆ ಬಿಟ್ಟರೆ ಹೂವಿಗೆ ಬಿಸಿಲು ಬಿದ್ದಂತಾಗುತ್ತದೆ.

ಕಡಲ_ನೀಲಿ, ಮಂಗಳೂರು

ಮಾಸ್ತರರು ಹೇಳಿದ್ದೆಲ್ಲ ಸರಿ. ಸಾಮಾನಿನ ಬಗ್ಗೆ ಒಂದೆರಡು ಮಾತು ನಾನು ಸೇರಿಸುತ್ತೇನೆ, ಏಕೆಂದರೆ ಆರಂಭದಲ್ಲಿ ಬೇಡದ್ದನ್ನೆಲ್ಲ ಕೊಂಡು ಹಣ ಕಳೆದುಕೊಂಡವಳು ನಾನು.

ಹತ್ತು ಕುಂಚಗಳ ಕಟ್ಟಿನಲ್ಲಿ ಆರು ನಿಮಗೆ ಬೇಡ. ಎರಡು ಇಂಚಿನದೊಂದು, ಮುಕ್ಕಾಲು ಇಂಚಿನದೊಂದು ಚಪ್ಪಟೆ ಕುಂಚ, ತುದಿ ಬಾದಾಮಿಯಂತೆ ದುಂಡಗಿರುವ ಫಿಲ್ಬರ್ಟ್ ಒಂದು, ಸಣ್ಣ ಗೆರೆಗಳಿಗೆ ಮೊನೆಯುಳ್ಳ ದುಂಡು ಕುಂಚ ಒಂದು ಸಾಕು. ಎಲ್ಲವೂ ಸಿಂಥೆಟಿಕ್ ಎಳೆಯವೇ ಆಗಿರಲಿ. ಜಲವರ್ಣದ ಮೆತ್ತನೆಯ ಅಳಿಲು ಕೂದಲಿನ ಕುಂಚ ಅಕ್ರಿಲಿಕ್ಕಿನ ಭಾರ ತಡೆಯದೆ ಜೋತುಬೀಳುತ್ತದೆ. ಪ್ಯಾಲೆಟ್ ನೈಫ್ ಮಾತ್ರ ಖಂಡಿತ ಕೊಳ್ಳಿ, ಚಿತ್ರಕ್ಕಲ್ಲದಿದ್ದರೂ ಕಲಸುವುದಕ್ಕೆ. ಕುಂಚದಿಂದ ಕಲಸಿದರೆ ಬಣ್ಣ ಎಳೆಗಳ ಬುಡಕ್ಕೆ, ತಗಡಿನ ಕೊರಳಿನೊಳಗೆ ಇಳಿದು ಅಲ್ಲಿಯೇ ಗಟ್ಟಿಯಾಗುತ್ತದೆ, ಆಮೇಲೆ ಎಳೆಗಳು ಪೊರಕೆಯಂತೆ ಕೆದರಿಕೊಳ್ಳುತ್ತವೆ.

ಕೆಲಸದ ನಡುವೆ ಎದ್ದು ಹೋಗುವಾಗ ಕುಂಚವನ್ನು ನೀರಿಗೆ ಹಾಕಿ, ಆದರೆ ಮೂತಿ ಕೆಳಗಾಗಿ ಗಂಟೆಗಟ್ಟಲೆ ನಿಲ್ಲಿಸಬೇಡಿ. ಎಳೆ ಸೊಟ್ಟಗಾಗುವುದಲ್ಲದೆ ಹಿಡಿಕೆಯ ಮರ ನೀರು ಕುಡಿದು ಉಬ್ಬುತ್ತದೆ. ಒಂದು ತಟ್ಟೆಯಲ್ಲಿ ತೆಳುವಾಗಿ ನೀರು ಹಾಕಿ ಮಲಗಿಸಿದರೆ ಒಳ್ಳೆಯದು. ಕೊನೆಯಲ್ಲಿ ತಣ್ಣೀರು ಮತ್ತು ಸಾಬೂನು ಸಾಕು, ಬಿಸಿನೀರು ಬೇಡ. ನಿಮ್ಮ ಕಟ್ಟಿಗೆಯಾದ ಕುಂಚವನ್ನು ಎಸೆಯುವ ಮುನ್ನ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅರ್ಧ ಗಂಟೆ ನೆನೆಸಿ, ಬೆರಳಿನಿಂದ ಹಿಸುಕಿ ನೋಡಿ, ಬದುಕಿದರೂ ಬದುಕಬಹುದು. ಪೂರ್ತಿ ಬದುಕದಿದ್ದರೆ ಕೆದರಿದ ಕುಂಚ ತೊಗರಿ ಗಿಡದ ಎಲೆ ತೋರಿಸಲು ಹೊಸದಕ್ಕಿಂತ ಚೆನ್ನಾಗಿ ಒದಗುತ್ತದೆ.

ಅಂಗಡಿಯ ಸಿದ್ಧ ಕ್ಯಾನ್ವಾಸಿಗೆ ಜೆಸ್ಸೊ, ಅಂದರೆ ಬಣ್ಣ ಹಿಡಿಯಲೆಂದು ಮೊದಲು ಬಳಿಯುವ ಬಿಳಿ ಅಸ್ತರು, ಹಚ್ಚಿಯೇ ಇರುತ್ತದೆ, ಆದರೆ ಅಗ್ಗದವುಗಳಲ್ಲಿ ಅದು ತೀರ ತೆಳು. ಇನ್ನೊಂದು ಕೈ ಹಚ್ಚಿ, ಒಣಗಿದ ಮೇಲೆ 400ನೇ ನಂಬರಿನ ಉಜ್ಜುಕಾಗದದಿಂದ ಹಗುರವಾಗಿ ತಿಕ್ಕಿದರೆ ಕುಂಚ ಸಲೀಸಾಗಿ ಓಡುತ್ತದೆ.

ಬಣ್ಣ ಒಣಗುವುದನ್ನು ನಿಧಾನಗೊಳಿಸುವ ರಿಟಾರ್ಡರ್ ವಿಷಯದಲ್ಲಿ ಎಚ್ಚರ. ಒಂದು ಮಳೆಗಾಲದಲ್ಲಿ ನಾನು ಅದನ್ನು ಕಣ್ಣಳತೆಯಲ್ಲಿ ಸುರಿದು ಬರೆದ ಚಿತ್ರ ಹತ್ತು ದಿನವಾದರೂ ಬೆರಳಿಗೆ ಅಂಟುತ್ತಿತ್ತು. ನಮ್ಮ ಕರಾವಳಿಯಲ್ಲಿ ಅದರ ಅಗತ್ಯವೇ ಇಲ್ಲ. ನಿಮ್ಮಲ್ಲಿ ಇದ್ದರೂ ಹತ್ತು ಪಾಲು ಬಣ್ಣಕ್ಕೆ ಒಂದು ಪಾಲನ್ನು ಮೀರಬೇಡಿ.

ತೊಗರಿ_ಕಣಜ, ಕಲಬುರಗಿ

ಇಬ್ಬರಿಗೂ ತುಂಬ ಕೃತಜ್ಞತೆಗಳು. ಮೊಮ್ಮಗನ ಹಳೆಯ ಟಿಫಿನ್ ಡಬ್ಬಿ ಪ್ಯಾಲೆಟ್ ಆಗಿದೆ, ನಿನ್ನೆ ಹಿಂಡಿದ ಬಿಳಿ ಇವತ್ತೂ ಬೆಣ್ಣೆಯಂತೆ ಇತ್ತು. ಫ್ಯಾನ್ ಆರಿಸಿ ಕುಳಿತದ್ದರಿಂದ ಬೆವರು ಬಣ್ಣಕ್ಕಿಂತ ಹೆಚ್ಚು ಸುರಿಯಿತಾದರೂ ಆಕಾಶದ ಗೆರೆ ಮಾಯವಾಗಿದೆ. ಕುಂಚ ಅರ್ಧ ಬದುಕಿದೆ.

ಹೊಸ ತೊಂದರೆ ಬಣ್ಣ ಕಲಸುವುದರಲ್ಲಿ. ಸೂರ್ಯ ಮುಳುಗುವ ಕಡೆ ನೇರಳೆ ಮೋಡ ಬೇಕಿತ್ತು. ಪೆಟ್ಟಿಗೆಯ ಕೆಂಪು ಮತ್ತು ನೀಲಿಯನ್ನು ಎಷ್ಟು ಬಗೆಯಲ್ಲಿ ಬೆರೆಸಿದರೂ ಬದನೆಕಾಯಿ ಸುಟ್ಟ ಬಣ್ಣವೇ ಬರುತ್ತದೆ. ನೆರಳಿಗೆ ಕಪ್ಪು ಸೇರಿಸಿದರೆ ಹೊಲದಲ್ಲಿ ಮಸಿ ಚೆಲ್ಲಿದಂತೆ ಕಾಣುತ್ತದೆ. ಮತ್ತು ನೀರು ಎಷ್ಟು ಬೆರೆಸಬಹುದು ಎಂಬುದು ಇನ್ನೂ ಸ್ಪಷ್ಟವಾಗಿಲ್ಲ.

ಪಿಗ್ಮೆಂಟ್_ಪುರಾಣ, ಬೆಂಗಳೂರು

ಟ್ಯೂಬಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಪಿಬಿ 29, ಪಿಆರ್ 122 ಎಂಬಂತಹ ಸಂಕೇತಗಳನ್ನು ಅಚ್ಚು ಹಾಕಿದ್ದಾರೆಯೇ ನೋಡಿ. ಅವು ವರ್ಣದ್ರವ್ಯಗಳ ಅಂತರರಾಷ್ಟ್ರೀಯ ಸಂಕೇತಗಳು. ಟ್ಯೂಬಿನ ಮುಂಬದಿಯ ಹೆಸರು ಕಂಪನಿಯಿಂದ ಕಂಪನಿಗೆ ಬದಲಾದರೂ ಇವು ಬದಲಾಗುವುದಿಲ್ಲ. ಒಂದೇ ಟ್ಯೂಬಿನಲ್ಲಿ ಎರಡು ಮೂರು ಸಂಕೇತಗಳಿದ್ದರೆ ಅದು ಮೊದಲೇ ಬೆರಕೆ ಮಾಡಿದ ಬಣ್ಣ, ಅದನ್ನು ಮತ್ತೊಂದರೊಡನೆ ಬೆರೆಸಿದಷ್ಟೂ ಮಂಕಾಗುತ್ತ ಹೋಗುತ್ತದೆ.

ಪೆಟ್ಟಿಗೆಗಳಲ್ಲಿ ಬರುವ ಕೆಂಪು ಸಾಮಾನ್ಯವಾಗಿ ಕಿತ್ತಳೆಯ ಕಡೆ ವಾಲಿದ ಕೆಂಪು. ಅದರೊಳಗೆ ಹಳದಿ ಅಡಗಿದೆ ಎಂದುಕೊಳ್ಳಿ. ಹಳದಿ ನೇರಳೆಯ ವೈರಿ, ಆದ್ದರಿಂದ ನಿಮ್ಮ ಮೋಡ ಸುಟ್ಟ ಬದನೆಕಾಯಿಯಾಯಿತು. ಪಿಆರ್ 122 ಎಂದರೆ ಕ್ವಿನಾಕ್ರಿಡೋನ್ ಮಜೆಂಟಾ, ಪಿಬಿ 29 ಎಂದರೆ ಅಲ್ಟ್ರಾಮರೀನ್ ನೀಲಿ. ಇವೆರಡನ್ನು ಕೂಡಿಸಿ ತುಸು ಬಿಳಿ ಹಾಕಿದರೆ ಸಂಜೆಯ ನೇರಳೆ ತಾನಾಗಿಯೇ ಬರುತ್ತದೆ.

ಕಪ್ಪು ಟ್ಯೂಬನ್ನು ಆರು ತಿಂಗಳು ಕಪಾಟಿನಲ್ಲಿಡಿ. ಅಲ್ಟ್ರಾಮರೀನ್ ಜೊತೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಸೇರಿಸಿದರೆ ಕಪ್ಪಿಗೆ ತೀರ ಹತ್ತಿರದ ಗಾಢ ಬಣ್ಣ ಸಿಗುತ್ತದೆ, ನೀಲಿ ಹೆಚ್ಚಾದರೆ ತಂಪು ನೆರಳು, ಕಂದು ಹೆಚ್ಚಾದರೆ ಬಿಸಿ ನೆರಳು. ಕಪ್ಪು ಮಣ್ಣಿನ ಹೊಲ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಪೆಟ್ಟಿಗೆ ಮುಗಿದ ಮೇಲೆ ಬಿಡಿ ಟ್ಯೂಬುಗಳನ್ನೇ ಕೊಳ್ಳಿ: ಈ ಮೂರು, ಒಂದು ನಿಂಬೆ ಹಳದಿ, ಒಂದು ಬಿಸಿ ಕೆಂಪು, ಯೆಲ್ಲೊ ಓಕರ್ ಎಂಬ ಮಣ್ಣುಹಳದಿ, ಮತ್ತು ಎಲ್ಲಕ್ಕಿಂತ ದೊಡ್ಡ ಟ್ಯೂಬಿನಲ್ಲಿ ಟೈಟಾನಿಯಮ್ ಬಿಳಿ. ಬಿಳಿ ಉಳಿದವುಗಳ ಮೂರು ಪಟ್ಟು ಖರ್ಚಾಗುತ್ತದೆ.

ನೀರು ಬಣ್ಣದ ಅರ್ಧವನ್ನು ಮೀರಬಾರದು. ಮೀರಿದರೆ ಅಂಟಿನ ಕಣಗಳು ದೂರ ದೂರವಾಗಿ ಪೊರೆ ದುರ್ಬಲವಾಗುತ್ತದೆ, ನಿಮ್ಮಲ್ಲಿ ಪದರ ಎದ್ದು ಬಂದದ್ದು ಹೀಗೆಯೇ. ತೀರ ತೆಳುವಾದ ಬಣ್ಣ ಬೇಕಿದ್ದರೆ ನೀರಿನ ಬದಲು ಮೀಡಿಯಮ್ ಬೆರೆಸಿ. ಅದು ಬಣ್ಣವಿಲ್ಲದ ಅಕ್ರಿಲಿಕ್ ಅಂಟೇ ಆದ್ದರಿಂದ ಎಷ್ಟು ಬೆರೆಸಿದರೂ ಪೊರೆ ಗಟ್ಟಿಯಾಗಿರುತ್ತದೆ. ಅಂಗಡಿಯವರ ಪಟ್ಟಿಯಲ್ಲಿ ನಾನು ಮೊದಲು ಕೊಳ್ಳುವುದು ಇದನ್ನೇ.

ಒಂದು ಮಾತು ಪಕ್ಕಕ್ಕೆ. ತೈಲವರ್ಣಕ್ಕೆ ಶತಮಾನಗಳ ಪರಂಪರೆಯಿದೆ. ನೀರಿನಲ್ಲಿ ಬೆರೆಯುವ ಕಲಾವಿದರ ಅಕ್ರಿಲಿಕ್ ಬಣ್ಣವನ್ನು ಅಮೆರಿಕದ ಸಿನ್ಸಿನಾಟಿಯಲ್ಲಿ ಹೆನ್ರಿ ಲೆವಿಸನ್ ಅವರು ಲಿಕ್ವಿಟೆಕ್ಸ್ ಎಂಬ ಹೆಸರಿನಿಂದ ಹೊರತಂದದ್ದು 1955ರಲ್ಲಿ. ತೈಲವರ್ಣದ ಗುಣವನ್ನು ಇದರಿಂದ ಬೇಡುವುದು ಅಷ್ಟು ನ್ಯಾಯವಲ್ಲ. ಬ್ರಿಟಿಷ್ ಚಿತ್ರಕಾರ ಡೇವಿಡ್ ಹಾಕ್ನಿ 1967ರಲ್ಲಿ ಬರೆದ 'ಎ ಬಿಗ್ಗರ್ ಸ್ಪ್ಲ್ಯಾಶ್' ಚಿತ್ರದಲ್ಲಿ ಆಕಾಶ, ಗೋಡೆ, ಈಜುಕೊಳ ಎಲ್ಲವೂ ಒಂದೇ ಸಮನಾದ ಅಕ್ರಿಲಿಕ್ ಬಣ್ಣ. ಚಿಮ್ಮಿದ ನೀರಿಗೆ ಮಾತ್ರ ಅವರು ಸಣ್ಣ ಕುಂಚ ಹಿಡಿದು ಸುಮಾರು ಎರಡು ವಾರ ಕುಳಿತಿದ್ದರು. ನಿಮ್ಮ ಆಕಾಶವೂ ಒಂದೇ ಬಣ್ಣದ್ದಾಗಿದ್ದರೆ ನಷ್ಟವೇನೂ ಇರಲಿಲ್ಲ.

ಡ್ರಾಯಿಂಗ್_ಮಾಸ್ತರ, ಧಾರವಾಡ

ನೀರಿನ ಲೆಕ್ಕ ಅಷ್ಟು ಕಟ್ಟುನಿಟ್ಟಲ್ಲ ಎಂದು ನನ್ನ ಅನುಭವ. ದಪ್ಪ ಕಾಗದದಂತಹ ಹೀರುವ ಮೈಯ ಮೇಲೆ ಅರ್ಧಕ್ಕಿಂತ ಹೆಚ್ಚು ನೀರು ಹಾಕಿದರೂ ಬಣ್ಣ ಹಿಡಿದುಕೊಳ್ಳುತ್ತದೆ. ನುಣುಪಾದ, ಆಗಲೇ ಬಣ್ಣ ಬಿದ್ದ ಮೈಯ ಮೇಲೆ ಹಿಡಿಯುವುದಿಲ್ಲ. ಕಲಬುರಗಿಯ ಸರ್ ಅವರ ಪದರ ಎದ್ದದ್ದಕ್ಕೆ ನೀರಿನಷ್ಟೇ ಅವಸರವೂ ಕಾರಣವಿರಬಹುದು. ಮೇಲೆ ಒಣಗಿದಂತೆ ಕಂಡರೂ ಅಡಿಯಲ್ಲಿ ಹಸಿಯಿರುತ್ತದೆ. ಬೆರಳ ಹಿಂಬದಿಯನ್ನು ತಾಗಿಸಿ ನೋಡಿರಿ, ತಣ್ಣಗಿದ್ದರೆ ಇನ್ನೂ ನೀರಿದೆ.

ವಾರ್ನಿಷ್ ಈಗ ಬೇಡ. ಚಿತ್ರ ಮುಗಿದು ಎರಡು ವಾರವಾದರೂ ಕಳೆಯಲಿ. ಆದರೆ ಒಂದು ಎಚ್ಚರಿಕೆ: ಅಕ್ರಿಲಿಕ್ ಪೊರೆ ಬಿಸಿಗೆ ಮೆತ್ತಗಾಗುತ್ತದೆ. ಮುಗಿದ ಚಿತ್ರಗಳನ್ನು ಮುಖಕ್ಕೆ ಮುಖ ಒತ್ತಿ ಅಟ್ಟದ ಮೇಲೆ ಇಡಬೇಡಿರಿ, ಪತ್ರಿಕೆಯಲ್ಲೂ ಸುತ್ತಬೇಡಿರಿ. ನಮ್ಮ ವಿದ್ಯಾರ್ಥಿಯೊಬ್ಬನ ನಿಸರ್ಗಚಿತ್ರದ ಮೇಲೆ ಮೇ ತಿಂಗಳ ಟೆಂಡರ್ ಜಾಹೀರಾತು ಕನ್ನಡಿಯ ಅಕ್ಷರದಲ್ಲಿ ಅಚ್ಚೊತ್ತಿತ್ತು. ನಡುವೆ ಬೇಕಿಂಗ್ ಪೇಪರ್ ಇಟ್ಟರೆ ಸಾಕು.

ತೊಗರಿ_ಕಣಜ, ಕಲಬುರಗಿ

ಬೆರಳ ಹಿಂಬದಿ ತಾಗಿಸಿ ನೋಡಿದೆ, ಆಕಾಶ ಬೆಚ್ಚಗಿದೆ, ಹೊಲದ ಕೆಳಭಾಗ ಇನ್ನೂ ತಣ್ಣಗಿದೆ. ಬಿಳಿ ಚುಕ್ಕೆಗಳನ್ನು ನಾಳೆ ಬೆಳಿಗ್ಗೆ ಇಡುತ್ತೇನೆ. ಮಜೆಂಟಾ ಟ್ಯೂಬು ಇಲ್ಲಿನ ಅಂಗಡಿಯಲ್ಲಿ ಸಿಗಲಿಲ್ಲ, ಬೆಂಗಳೂರಿನಿಂದ ಬರುವಾಗ ತರುವಂತೆ ಮಗಳಿಗೆ ಪಿಆರ್ 122 ಎಂದು ಬರೆದು ಕಳಿಸಿದ್ದೇನೆ. ಅದು ಔಷಧಿಯ ಹೆಸರೋ ಎಂದು ಕೇಳಿದಳು.