ಸಹಾಯ ಬೇಕು: ಉರ್ದುವಿನಲ್ಲಿ ಹೆಂಗಸರು ‘ಹಮ್ ಜಾಯೇಂಗೇ’ (ನಾವು ಹೋಗುತ್ತೇವೆ) ಅನ್ನಬಹುದಾ?

ನಮಸ್ಕಾರ. ಕೆಲಸಕ್ಕೆ ಲಖನೌಗೆ ಬಂದಿದ್ದೇನೆ, ಕೆಳಗಿನ ಮನೆಯ ಆಪಾ (ಅಕ್ಕ) ಜೊತೆ ಸರಿಯಾಗಿ ಮಾತಾಡಬೇಕು ಅಂತ ತುಂಬಾ ಆಸೆಯಿಂದ ಉರ್ದು ಕಲಿಯುತ್ತಿದ್ದೇನೆ. ಗಂಡಸಾದರೆ ‘ಮೈಂ ಕರೂಂಗಾ’, ಹೆಂಗಸಾದರೆ ‘ಮೈಂ ಕರೂಂಗೀ’, ಇಷ್ಟು ಬಂತು. ದೇನಾ (ಕೊಡು), ಲೇನಾ (ತಗೋ) ಇವು ‘ದೂಂಗೀ’, ‘ಲೂಂಗೀ’ ಅಂತ ಕುಗ್ಗುತ್ತವೆ, ಅದನ್ನೂ ಬಾಯಿಪಾಠ ಮಾಡಿದೆ. ನಮ್ಮಲ್ಲಿ ‘ನಾನು ಮಾಡುತ್ತೇನೆ’ ಅನ್ನೋಕೆ ಗಂಡು ಹೆಣ್ಣು ಭೇದವೇ ಇಲ್ಲ ಅಲ್ವಾ, ಅದಕ್ಕೇ ಜಾಸ್ತಿ ತಪ್ಪುತ್ತೇನೆ.

ಈಗ ಸಿಕ್ಕಿಕೊಂಡಿರೋದು ‘ಹಮ್’ ಹತ್ತಿರ. ನಿಯಮದ ಪ್ರಕಾರ ಹೆಂಗಸರಿಗೆ ‘ಹಮ್ ಜಾಯೇಂಗೀ’ ಆಗಬೇಕು. ಆದರೆ ಆಪಾ ಮತ್ತು ಮಗಳು ಇಬ್ಬರೇ ಹೊರಟಾಗಲೂ ಗಂಡಸರ ಹಾಗೆ ‘ಹಮ್ ಜಾಯೇಂಗೇ’ ಅನ್ನುತ್ತಾರೆ. ಎರಡು ವ್ಯಾಕರಣ ಪುಸ್ತಕ ನೋಡಿದೆ, ಸುಮ್ನೆ ಪಟ್ಟಿ ಇದೆ, ವಿವರಣೆ ಇಲ್ಲ. ಅವರನ್ನೇ ಕೇಳಿದರೆ ‘ಹಾಗೇ ಅನ್ನೋದು’ ಅಂದರು.

ಉರ್ದು ಬಲ್ಲವರು ಹೇಳಿ: ಹೆಂಗಸಾದ ನಾನು ‘ಹಮ್’ ಜೊತೆ ಮಾತಿನಲ್ಲಿ ಯಾವುದು ಬಳಸಲಿ, ಬರೆಯುವಾಗ ಯಾವುದು?