ಸಹಾಯ ಬೇಕು: ಸಾವಿಲ್ಲದವರ ಕಥೆ ಕನ್ನಡದಲ್ಲಿ ಯಾವುದಿದೆ?

ನಮಸ್ಕಾರ, ಡೊಂಬಿವಲಿಯಿಂದ ಬರೆಯುತ್ತಿದ್ದೇನೆ. ಮಾಟುಂಗಾದ ಕಿಂಗ್ಸ್ ಸರ್ಕಲ್ ಫುಟ್‌ಪಾತ್‌ನಲ್ಲಿ ಕೊಂಡ ಇಂಗ್ಲಿಷ್ ಫ್ಯಾಂಟಸಿ ಕಾದಂಬರಿಯೊಂದನ್ನು ಲೋಕಲ್ ರೈಲಿನಲ್ಲಿ ಓದುತ್ತಿದ್ದೇನೆ. ಸಾವಿಲ್ಲದ ಯೋಧರು, ರೆಕ್ಕೆಯಿರುವ ಸಿಂಹಗಳು, ಪುಟಕ್ಕೊಂದು ಹೆಣ. ರಕ್ತ ಸ್ವಲ್ಪ ಜಾಸ್ತಿಯೇ, ಆದರೂ ಕೆಳಗಿಡಲು ಮನಸ್ಸಾಗುತ್ತಿಲ್ಲ. ಕತ್ತರಿಸಿದ ತೋಳು ಮತ್ತೆ ಬೆಳೆಯುವಾಗ ಒಬ್ಬ ಹಲ್ಲು ಕಚ್ಚಿ ನರಳುತ್ತಾನೆ. ಅದನ್ನು ಓದಿದಾಗ ಅಶ್ವತ್ಥಾಮ ನೆನಪಾದ. ಮಹಾಭಾರತದ ಸೌಪ್ತಿಕ ಪರ್ವದಲ್ಲಿ ಮಲಗಿದ್ದವರನ್ನು ಕೊಂದವನಿಗೆ 3000 ವರ್ಷ ಒಂಟಿಯಾಗಿ, ಕೀವು ಸೋರುತ್ತಾ ಅಲೆಯುವ ಶಾಪ. ಎಂಥ ಕಥೆ ಅಲ್ವಾ!

ಚಿರಂಜೀವಿಗಳು, ಶರಭ, ಗಂಡಭೇರುಂಡ ಬರುವ ಇಂಥ ಕನ್ನಡ ಕಾದಂಬರಿ ಇದೆಯಾ? ಮಕ್ಕಳ ಪುಸ್ತಕ ಬೇಡ, ದೊಡ್ಡವರಿಗಾಗಿ ಬರೆದದ್ದೇ ಬೇಕು. ಮುಂಬೈಯಲ್ಲಿ ಎಲ್ಲಿ ಸಿಗುತ್ತದೆ ಅಂತಲೂ ದಯವಿಟ್ಟು ತಿಳಿಸಿ. ಯಾರಾದರೂ ಎರವಲು ಕೊಟ್ಟರೆ ಜೋಪಾನವಾಗಿ ಓದಿ ವಾಪಸ್ ತಂದುಕೊಡುತ್ತೇನೆ.